ಮೂರನೇ ನಂಬರಿನವನಿಗೆ ಬೈದು ಬರಲು ಹೋದದ್ದು

ಬೆಂಗಳೂರಿನ ಒಂದು ಫುಟ್‌ಬಾಲ್ ಮೈದಾನದಲ್ಲಿ ನನ್ನ ಅತ್ತೆಯನ್ನು ಎದುರಾಳಿ ತಂಡದ ಕಡೆಯವಳೆಂದು ತೀರ್ಮಾನಿಸಿ ಕುರ್ಚಿಯಿಂದ ಎಬ್ಬಿಸಿದರು. ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. "ಆತಲ್ಲ, ಇನ್ನ ಬಿಡು. ಎಷ್ಟ್ ದಿನಾ ಅಂತ ಅದನ್ನ ಜಗೀತಿ?" ಎನ್ನುತ್ತಾರೆ ನನ್ನ ಗಂಡ. ಅವರಿಗೇನು, ಕ್ರಿಕೆಟ್ಟಿನ ಮನುಷ್ಯ, ಅವತ್ತು ಜೊತೆಗೆ ಬರಲೂ ಇಲ್ಲ. ಹೋದವಳು ನಾನು, ಕಂಡವಳು ನಾನು. ಹಾಗಾಗಿ ಜಗಿಯುವವಳೂ ನಾನೇ.

ಮೊದಲು ಅತ್ತೆಯ ಬಾಯಿಯ ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ನೀವೂ ಆ ಮೈದಾನದವರ ಹಾಗೆಯೇ ತಪ್ಪು ತಿಳಿದುಕೊಳ್ಳುತ್ತೀರಿ.

ನಮ್ಮ ಮನೆ ಗಂಗಾವತಿಯಲ್ಲಿ, ಒಂದು ರೈಸ್‌ಮಿಲ್ಲಿನ ಬೆನ್ನಿಗೆ. ಭತ್ತ ಒಣಗಿಸಲು ಮಿಲ್ಲಿನವರು ಹಾಸಿದ ಸಿಮೆಂಟಿನ ಕಣ ಮುಗಿಯುವಲ್ಲಿಂದ ಒಂದು ಬಯಲು ಶುರುವಾಗುತ್ತದೆ. ಸುಗ್ಗಿಯಲ್ಲಿ ಅಲ್ಲಿ ಲಾರಿಗಳು ನಿಲ್ಲುತ್ತವೆ. ಉಳಿದ ದಿನ ಸಂಜೆಯಾದರೆ ಫುಟ್‌ಬಾಲ್. ಮಸೀದಿ ಓಣಿಯ ಗ್ಯಾರೇಜಿನವರು, ಮಿಲ್ಲಿನ ಹಮಾಲರು, ಕಾಲೇಜು ಓದುವವರು, ಒಬ್ಬ ಬ್ಯಾಂಕಿನ ಗುಮಾಸ್ತ. ಊರೆಲ್ಲ ಬ್ಯಾಟು ಹಿಡಿದು ಓಡಾಡುವಾಗ ಇವರಿಗೆ ಮಾತ್ರ ಕಾಲಿನ ಆಟ ಯಾಕೆ ಹಿಡಿಸಿತೋ ಗೊತ್ತಿಲ್ಲ. ನಮ್ಮ ಮಾಳಿಗೆಯ ಮೇಲಿಂದ ಇಡೀ ಬಯಲು ಕಾಣುತ್ತದೆ. ಮೆಣಸಿನಕಾಯಿ ಒಣಗಿಸಲು, ಶಾವಿಗೆ ಕಾಯಲು ಮಾಳಿಗೆ ಹತ್ತುತ್ತಿದ್ದ ಅತ್ತೆ ವರ್ಷಗಟ್ಟಲೆ ನೋಡಿ ನೋಡಿ ಆ ಆಟವನ್ನು ಕಲಿತುಬಿಟ್ಟಳು. ಆಫ್‌ಸೈಡ್ ಅಂದರೆ ಏನು ಎಂದು ನನ್ನ ಗಂಡನಿಗೆ ಈಗಲೂ ತಿಳಿಯುವುದಿಲ್ಲ. ಅತ್ತೆಗೆ ತಿಳಿಯುತ್ತದೆ. "ಚಂಡ ಬರೂಕ್ಕಿಂತ ಮೊದಲ ಕಳ್ಳರಂಗ ಹೋಗಿ ಅವರ ಮನ್ಯಾಗ ನಿಂತಿರಬಾರದು, ಅಷ್ಟ" ಎಂದು ಮೊಮ್ಮಗಳಿಗೆ ಹೇಳಿಕೊಟ್ಟದ್ದನ್ನು ನಾನೇ ಕೇಳಿದ್ದೇನೆ.

ಅತ್ತೆಯ ತವರು ಕುಷ್ಟಗಿ ತಾಲ್ಲೂಕಿನ ತಾವರಗೇರಾ. ಆ ಕಡೆಯ ಹೆಂಗಸರ ಬಾಯಿ ನಮ್ಮ ಸೀಮೆಯಲ್ಲೇ ಹೆಸರುವಾಸಿ. ಅವರು ಮೆಚ್ಚಿದ್ದನ್ನು ಬೈದು ಹೇಳುತ್ತಾರೆ. ಕೂಸು ಮುದ್ದಾಗಿದ್ದರೆ "ಏನ್ ಮಾರಿಯವ್ವಾ ಇದರದು, ಮಂಗ್ಯಾನ ಮಾರಿ" ಅನ್ನಬೇಕು. ಛಲೋ ಐತಿ ಅಂದುಬಿಟ್ಟರೆ ದೃಷ್ಟಿ ತಾಗುತ್ತದೆ. ನಾನು ಯಲಬುರ್ಗಾದವಳು, ನನಗೆ ಇದೇನೂ ಹೊಸದಲ್ಲ. ಮದುವೆಯಾಗಿ ಬಂದು ನಾನು ಮೊದಲ ಸಲ ಎಣಗಾಯಿ ಮಾಡಿದ ದಿನ ಅತ್ತೆ ಒಂದು ತುತ್ತು ಬಾಯಿಗಿಟ್ಟು, "ನಿನ ಕೈಗೆ ಬೆಂಕಿ ಹಚ್ಲಿ, ಏನ್ ಮಾಡಿಯೇ ಇದನ್ನ!" ಅಂದಳು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ, ಸಂತೋಷಕ್ಕೆ.

ಬಯಲಿನ ಆಟಗಾರರಿಗೂ ಇದೇ ಉಪಚಾರ. ಒಬ್ಬ ಚೆಂಡನ್ನು ಕದ್ದುಕೊಂಡು ಓಡಿದರೆ "ನಿನ ಕಾಲ ಮುರೀಲಿ". ಗೋಲು ಕಾಯುವ ಗೋಲಿ ಚೆಂಡನ್ನು ತಡೆದರೆ "ನಿನ ಬಾಯಾಗ ಮಣ್ಣ ಬೀಳ್ಲಿ". ಎಲ್ಲಕ್ಕಿಂತ ದೊಡ್ಡದು, ತೀರಾ ಅಪರೂಪದ್ದು, ಮನಸ್ಸು ತುಂಬಿ ಉಕ್ಕಿದರೆ ಮಾತ್ರ ಬರುವಂಥದ್ದು: "ಯಪ್ಪಾ ನಿನ ಹೆಣಾ ಎತ್ಲಿ!" ಇದನ್ನು ಬೈಸಿಕೊಂಡವನು ಅವತ್ತು ನಮ್ಮ ಗೋಡೆಯ ಕಡೆ ತಿರುಗಿ ಕೈ ಮುಗಿಯುತ್ತಿದ್ದ. ಏನೂ ಬೈಸಿಕೊಳ್ಳದವನು ಮನೆಗೆ ಹೋಗುವಾಗ ಮಾಳಿಗೆಯತ್ತ ಕತ್ತು ಎತ್ತಿ, "ಅವ್ವಾ, ನಾ ಏನ್ ತಪ್ಪ್ ಮಾಡೀನಿ? ನನಗ ಒಂದರ ಬೈಬಾರ್ದಾ?" ಎಂದು ಕೇಳುತ್ತಿದ್ದ. ನಿಜವಾಗಿ ಸಿಟ್ಟು ಬಂದರೆ ಅತ್ತೆಯ ಬಾಯಲ್ಲಿ ಮರ್ಯಾದೆ ಬರುತ್ತದೆ. ಬೇಕೆಂದೇ ಒಬ್ಬನ ಮೊಣಕಾಲಿಗೆ ಒದ್ದವನಿಗೆ ಒಮ್ಮೆ, "ನೀವು ಭಾಳ ಶ್ಯಾಣ್ಯಾರ ಅದೀರಿ, ಮನಿಗೆ ಹೋಗ್ರಿ" ಅಂದಿದ್ದಳು. ಆ ಹುಡುಗ ಒಂದು ವಾರ ಬಯಲಿಗೆ ಬರಲಿಲ್ಲ.

ಇಷ್ಟು ತಿಳಿದ ಮೇಲೆ ಮೂರನೇ ನಂಬರಿನವನ ಕಥೆ.

ಬೆಂಗಳೂರಿನ ತಂಡದ ಆಟಗಳನ್ನು ಅತ್ತೆ ಮತ್ತು ನಾನು ಟಿವಿಯಲ್ಲಿ ನೋಡಲು ಹಿಡಿದು ಎಷ್ಟೋ ಕಾಲವಾಯಿತು. ನಾನು ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು. ಮನೆಗೆ ಬಂದು ಚಹಾ ಕುಡಿದರೆ ನಮ್ಮಿಬ್ಬರಿಗೂ ಅದೇ ಮನರಂಜನೆ. ಆ ತಂಡದಲ್ಲಿ ಎಡಗಡೆ ಕಾಯುವವನು ಒಬ್ಬನಿದ್ದ, ಬೆನ್ನ ಮೇಲೆ ಮೂರು ಎಂಬ ಅಂಕಿ. ಈಶಾನ್ಯದ ಯಾವುದೋ ಗುಡ್ಡದ ಊರಿನವನಂತೆ. ದೊಡ್ಡ ಹೆಸರೇನಿಲ್ಲ, ಗೋಲು ಹೊಡೆಯುವವನೂ ಅಲ್ಲ. ಅತ್ತೆಗೆ ಅವನೇ ಹಿಡಿಸಿದ. "ಉಳದವರು ಬಿದ್ದರ ಹೆರಿಗಿ ಬ್ಯಾನಿ ಬಂದಂಗ ಹೊಳ್ಳಾಡ್ತಾರ. ಇವ ನೋಡು, ಮೊಣಕಾಲ ಝಾಡಿಸ್ಕೊಂಡು ಎದ್ದ ಓಡತಾನ" ಎನ್ನುತ್ತಿದ್ದಳು.

ಒಂದು ಆಟದಲ್ಲಿ ಅವನ ಮೊಣಕಾಲು ತಿರುಚಿ, ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಆಮೇಲೆ ಅವನು ಎಷ್ಟೋ ತಿಂಗಳು ಕಾಣಲಿಲ್ಲ. ಅತ್ತೆ ಊಟದ ತಟ್ಟೆಯ ಮುಂದೆ ಕೂತು ಹೇಳಿದಳು:

"ತಾಗ್ತು ನೋಡು. ಅಷ್ಟೂ ಮಂದಿ ಛಲೋ ಛಲೋ ಅಂದ್ರು. ಒಬ್ಬರರ ಬೈತಾರೇನು? ಅವರವ್ವ ಯಾವ ದೇಶದಾಗ ಅದಾಳೋ."

"ನೀವ ಬೈತೀರಲ್ಲ ಅತ್ತಿ, ದಿನಾ."

"ಟಿವಿಗೆ ಬೈದ್ರ ಅವಗ ಎಲ್ಲಿ ಕೇಳತೈತಿ? ಕಿವಿಗೆ ಬೀಳಬೇಕು. ಬಿದ್ದರ ಹತ್ತತೈತಿ."

ಅವನು ಮತ್ತೆ ಆಡಲು ಬಂದ ಸುದ್ದಿ ಬಂದ ದಿನವೇ ಅತ್ತೆ ಹಟ ಹಿಡಿದಳು. ಬೆಂಗಳೂರಿಗೆ ಹೋಗಬೇಕು, ಅವನಿಗೆ ಕೇಳುವಷ್ಟು ಹತ್ತಿರ ನಿಂತು ಒಮ್ಮೆ ಬೈಯಬೇಕು. ಅಷ್ಟೇ ಅವಳ ಬೇಡಿಕೆ. ತಿರುಪತಿ ಬೇಡ, ಧರ್ಮಸ್ಥಳ ಬೇಡ. ನಮ್ಮೂರಿನ ಪಕ್ಕದ ಹನುಮನಹಳ್ಳಿಗೆ ಎಲ್ಲೆಲ್ಲಿಂದಲೋ ಮಂದಿ ಬಂದು ಅಂಜನಾದ್ರಿ ಹತ್ತುತ್ತಾರೆ. ಮಂಡಿನೋವು ಅಂತ ಅಲ್ಲಿಗೂ ಹೋಗದವಳು ಇದಕ್ಕೆ ಸೀರೆ ಮಡಚಿ ಚೀಲಕ್ಕೆ ಹಾಕಿದಳು. ನನ್ನ ಗಂಡ, "ಬೈಯಾಕ ಬೆಂಗಳೂರಿಗೆ ಯಾಕ ಹೋಗ್ತೀರಬೇ, ನಾ ಇಲ್ಲೇ ಅದೀನಲ್ಲ" ಎಂದು ನಗುತ್ತಲೇ ಟಿಕೆಟ್ಟು ಮಾಡಿಸಿಕೊಟ್ಟರು. ಹೊಸಪೇಟೆಯಿಂದ ರೈಲು.

ಅತ್ತೆ ಉಟ್ಟದ್ದು ಹಸಿರು ಇಳಕಲ್ ಸೀರೆ. ಒಳ್ಳೆಯ ಕೆಲಸಕ್ಕೆ ಹೋಗುವಾಗ ಹಸಿರು ಉಡಬೇಕೆಂದು. ಎದುರಾಳಿ ತಂಡದ ಅಂಗಿಯ ಬಣ್ಣವೂ ಹಸಿರೇ ಎಂದು ನಮಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೂ ಯಾಕೆ? ಸೀರೆಯ ಬಣ್ಣ ನೋಡಿ ಹೆಂಗಸಿನ ಪಕ್ಷ ಹೇಳುವ ಕಾಲ ಬಂದಿದೆ ಎಂದು ಯಾರಿಗೆ ಗೊತ್ತಿತ್ತು.

ಬಾಗಿಲಲ್ಲಿ ಮೈ ತಡವುವ ಕಾವಲಿನ ಹುಡುಗಿ ಅತ್ತೆಯ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಅಡಕತ್ತರಿಯನ್ನು ಎತ್ತಿ ಹಿಡಿದು, "ವೆಪನ್ ಹೈ" ಎಂದು ಪಕ್ಕದವಳಿಗೆ ತೋರಿಸಿದಳು. ಅಡಕತ್ತರಿ! ಅತ್ತೆಯ ಅತ್ತೆಯ ಕಾಲದ್ದು, ಗಿಳಿಯ ತಲೆ ಕೊರೆದದ್ದು. ನಾನು ಕನ್ನಡದಲ್ಲಿ ಹೇಳಿದೆ, ಅವಳಿಗೆ ತಿಳಿಯಲಿಲ್ಲ; ನನ್ನ ಹರಕು ಹಿಂದಿಯಲ್ಲಿ ಅಡಕತ್ತರಿಗೆ ಮಾತೇ ಸಿಗಲಿಲ್ಲ. ಅವಳಿಗೆ ಹಿಂದಿ ಬಿಟ್ಟರೆ ಬೇರೆ ಬಾರದು. ಪಾಪ, ಹೊಟ್ಟೆಪಾಡಿಗೆ ಬಂದವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಬರುವ ಒಬ್ಬರನ್ನಾದರೂ ಆ ಬಾಗಿಲಿಗೆ ನಿಲ್ಲಿಸಬೇಕು ಎಂದು ತೋಚದ ದೊಡ್ಡ ಮಂದಿಯ ಮೇಲೆ ಸಿಟ್ಟು. ಅಡಕತ್ತರಿಯನ್ನು ಒಂದು ಡಬ್ಬಿಗೆ ಎಸೆದರು. ಅತ್ತೆ ಅಂದದ್ದು ಇಷ್ಟೇ: "ಹೋಗ್ಲಿ ಬಾ, ಆಟ ಸುರು ಆಗತೈತಿ."

ಒಳಗೆ ಹೋಗಿ ಮೆಟ್ಟಿಲು ಹತ್ತಿ ಮೈದಾನ ಕಂಡ ಕ್ಷಣ ನಾನು ಸಿಟ್ಟನ್ನೆಲ್ಲ ಮರೆತೆ. ಸುಳ್ಳು ಯಾಕೆ ಹೇಳಲಿ. ಟಿವಿಯಲ್ಲಿ ಅಂಗೈಯಗಲ ಕಾಣುವುದು ಅಷ್ಟು ದೊಡ್ಡದಾಗಿ, ಅಷ್ಟು ಹಸಿರಾಗಿ ಮುಂದೆ ಬಿದ್ದುಕೊಂಡಿತ್ತು. ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬೂಟು ಚೆಂಡಿಗೆ ತಾಗಿದ ಸದ್ದು ನಮ್ಮ ತನಕ ಬರುತ್ತಿತ್ತು. ಆ ಸದ್ದು ಟಿವಿಯಲ್ಲಿ ಬರುವುದೇ ಇಲ್ಲ. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. "ಯವ್ವಾ, ಇವರೂ ಮನಷ್ಯಾರಷ್ಟ ಅದಾರಲ್ಲ" ಎಂದಳು. ಮೂರನೇ ನಂಬರಿನವನು ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ. ಮೊಣಕಾಲಿಗೆ ಕಪ್ಪು ಪಟ್ಟಿ ಸುತ್ತಿಕೊಂಡಿದ್ದ. ಅದನ್ನು ಅತ್ತೆ ನನಗಿಂತ ಮೊದಲು ಕಂಡಳು.

ಆದರೆ ಮೊದಲರ್ಧದಲ್ಲಿ ಅವನು ಆಚೆ ಬದಿಗೆ ಆಡುವವನು. ನಾವು ಕೂತದ್ದು ಈಚೆ ಬದಿಗೆ. ಅಷ್ಟು ದೂರಕ್ಕೆ ಯಾರ ಬಾಯೂ ಮುಟ್ಟುವುದಿಲ್ಲ. ಅತ್ತೆಯ ಮುಖ ಇಳಿಯಿತು. ನಾನು ಸಮಾಧಾನ ಹೇಳಿದೆ: "ಅರ್ಧ ಆಟ ಆದ ಮ್ಯಾಲೆ ಎರಡೂ ತಂಡದವರು ಕಡಿ ಬದಲಿ ಮಾಡ್ತಾರ ಅತ್ತಿ. ಆಗ ಅವ ನಮ್ಮ ಮುಂದನ ಬರ್ತಾನ, ಈ ಗೆರಿ ಮ್ಯಾಲೆ."

"ಹೌದಲ್ಲ! ನಮ್ಮ ಬಯಲಾಗೂ ಹಂಗ ಮಾಡ್ತಾರ" ಎಂದು ಅವಳು ಸರಿಯಾಗಿ ಕೂತಳು. ಗಂಟಲು ಸವರಿಕೊಂಡಳು. ಬೈಗುಳವನ್ನು ಎರಡನೇ ಅರ್ಧಕ್ಕೆ ತೆಗೆದಿಟ್ಟುಕೊಂಡ ಹಾಗಿತ್ತು.

ತೆಗೆದಿಟ್ಟುಕೊಂಡದ್ದು ಉಳಿಯಬೇಕಲ್ಲ! ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಯ ಒಬ್ಬ ಉದ್ದನೆಯವನು ಗೋಲಿಯನ್ನೂ ದಾಟಿಸಿ ಚೆಂಡನ್ನು ಗೋಲಿನತ್ತ ತಳ್ಳಿದ. ಎಲ್ಲರೂ ಹೋಯಿತು ಎಂದು ತಲೆ ಮೇಲೆ ಕೈ ಹೊತ್ತರು. ಎಲ್ಲಿಂದಲೋ ಮೂರನೇ ನಂಬರಿನವನು ಹಾರಿ ಬಂದು, ಗೆರೆಯ ಮೇಲಿಂದ ಚೆಂಡನ್ನು ಕಿತ್ತು ಆಚೆಗೆ ಒದ್ದ. ಒದ್ದು ಕಂಬಕ್ಕೆ ಬಡಿದುಕೊಂಡು ಬಿದ್ದ. ಬಿದ್ದವನು ಎದ್ದ. ಮೊಣಕಾಲು ಝಾಡಿಸಿದ.

ಅತ್ತೆ ಎದ್ದು ನಿಂತು, ಎರಡೂ ಕೈ ಎತ್ತಿ, ತಾವರಗೇರಾದ ಸಂತೆಗೆ ಕೇಳುವ ಹಾಗೆ ಕೂಗಿದಳು: "ಯಪ್ಪಾ ನಿನ ಹೆಣಾ ಎತ್ಲಿ! ಎಲ್ಲಿದ್ದ್ಯೋ ನನ ಮಗನ! ನಿನ ಹೆಣಾ ಎತ್ಲಿ!"

ನಮ್ಮ ಹಿಂದಿನ ಸಾಲಿನಲ್ಲಿ ಬೆಂಗಳೂರು ತಂಡದ ಅಂಗಿ ತೊಟ್ಟ ಒಬ್ಬ ಮನುಷ್ಯ ಕೂತಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಆಟ ಶುರುವಾದಾಗಿನಿಂದ ಅವನು ರೆಫರಿಯ ತಾಯಿಯನ್ನು, ಅಕ್ಕತಂಗಿಯರನ್ನು ಇಂಗ್ಲಿಷಿನಲ್ಲಿ ಎಲ್ಲೆಲ್ಲಿಗೋ ಎಳೆಯುತ್ತಿದ್ದ. ಪಕ್ಕದಲ್ಲಿ ಅವನ ಪುಟ್ಟ ಮಗಳು ಐಸ್‌ಕ್ರೀಮು ತಿನ್ನುತ್ತಿದ್ದಳು. ಆ ಮಹಾನುಭಾವ ನನ್ನ ಭುಜ ತಟ್ಟಿದ.

"ಮೇಡಂ, ಏನ್ ಮೇಡಂ ಇದು? ನಮ್ ಪ್ಲೇಯರ್ ಸಾಯ್ಲಿ ಅಂತ ಶಾಪ ಹಾಕ್ತಿದಾರೆ ನಿಮ್ ಅಮ್ಮ? ಅವ್ನು ಇಂಜುರಿಯಿಂದ ಈಗ ಬಂದಿರೋದು!"

ನಾನು ಹೇಳಿದೆ, ಅದು ಶಾಪವಲ್ಲ, ನಮ್ಮ ಕಡೆ ಮೆಚ್ಚಿದರೆ ಹಾಗೆ ಅನ್ನುತ್ತಾರೆ ಎಂದು. ಅವನು ಅತ್ತೆಯ ಸೀರೆಯನ್ನು ಮೇಲಿಂದ ಕೆಳಗೆ ನೋಡಿದ. "ಗ್ರೀನ್ ಹಾಕ್ಕೊಂಡ್ ನಮ್ ಸ್ಟ್ಯಾಂಡಲ್ಲಿ ಕೂತ್ಕೊಂಡಿದಾರೆ" ಎಂದು ಸುತ್ತಲಿನವರಿಗೆ ಹೇಳಿದ. ಅಷ್ಟು ಸಾಕಾಯಿತು. ಅಕ್ಕಪಕ್ಕದವರು ಎದ್ದರು, ಫೋನು ಹಿಡಿದರು. ವಿರಾಮದ ಸೀಟಿ ಊದಿದ ಬೆನ್ನಿಗೇ, ಕೊರಳಿಗೆ ಪಟ್ಟಿ ಹಾಕಿಕೊಂಡ ಮೇಲ್ವಿಚಾರಕನೊಬ್ಬ ವಾಕಿಟಾಕಿ ಹಿಡಿದು ಬಂದ. ಇವನಿಗೆ ಕನ್ನಡ ಬರುತ್ತಿತ್ತು. ಬಂದು ಏನು ಉಪಯೋಗವಾಯಿತು ಅಂತೀರಿ!

"ಅಬ್ಯೂಸಿವ್ ಲ್ಯಾಂಗ್ವೇಜ್ ಅಲೋ ಮಾಡಲ್ಲ ಮೇಡಂ."

"ಅಬ್ಯೂಸ್ ಅಲ್ರೀ ಅದು. ಆಶೀರ್ವಾದ."

"ಹೆಣ ಎತ್ತಲಿ ಅನ್ನೋದು ಆಶೀರ್ವಾದನಾ? ನಾನೂ ಕನ್ನಡದವನೇ ಮೇಡಂ."

"ನೀವು ಯಾವ ಕನ್ನಡದವರು?" ನನ್ನ ದನಿ ಏರಿತು. "ಇವರು ಆಗಿಂದ ರೆಫರಿ ತಾಯಿಗೆ ಅಂದದ್ದನ್ನ ಹೇಳ್ಲೇನ್ರೀ? ಕನ್ನಡಕ್ಕ ತಂದು ಹೇಳ್ಲೇನು, ಈ ಕೂಸಿನ ಮುಂದ? ಅದು ನಿಮ್ಮ ಕಿವಿಗೆ ಬೀಳೂದಿಲ್ಲ. ಇಂಗ್ಲಿಷಿನಾಗ ಹೇಸಿಗಿ ಆಡಿದ್ರ ಜೋಶ್, ನಮ್ಮ ಮಾತಿನಾಗ ಮುದ್ದ ಮಾಡಿದ್ರ ಗುನ್ಹೆ, ಅಲ್ಲೇನು?"

ಮೇಲ್ವಿಚಾರಕ ನನ್ನನ್ನು ನೋಡಲೇ ಇಲ್ಲ. ವಾಕಿಟಾಕಿಗೆ ಏನೋ ಹೇಳಿದ. ಆ ಕಡೆಯಿಂದ ಏನೋ ಬಂತು. ಎದುರಾಳಿ ತಂಡದ ಬೆಂಬಲಿಗರು ಈ ಭಾಗದಲ್ಲಿ ಕೂರುವಂತಿಲ್ಲವಂತೆ, ನಮ್ಮದೇ ಸುರಕ್ಷತೆಗಾಗಿಯಂತೆ, ಮೂಲೆಯಲ್ಲಿ ಅವರಿಗಾಗಿ ಬೇರೆ ಜಾಗ ಇದೆಯಂತೆ. ಅಲ್ಲಿಗೆ ಬನ್ನಿ, ಇಲ್ಲವಾದರೆ ಹೊರಗೆ ಹೋಗಿ.

ಎದುರಾಳಿ! ಬೆಂಗಳೂರಿನ ತಂಡ ಸೋತ ಪ್ರತಿ ಸಲವೂ ರೊಟ್ಟಿ ಸೇರದೆ ಮಲಗಿದ ಹೆಂಗಸು ಇವಳು. ನಾನು ಕೂಗಾಡಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಅದುಮಿದಳು.

"ಅಲ್ಲಿಂದ ಆಟ ಕಾಣತೈತೇನ್ರಿ ಸಾಹೇಬರ?" ಎಂದು ಅವನನ್ನು ಕೇಳಿದಳು. ಬಹುವಚನ. ಅಷ್ಟರಲ್ಲಿಯೇ ನನಗೆ ತಿಳಿಯಿತು ಅವಳಿಗೆ ಎಷ್ಟು ಉರಿದಿದೆ ಎಂದು. ಅವನಿಗೆ ತಿಳಿಯಲಿಲ್ಲ. ಅಜ್ಜಿ ಎಷ್ಟು ಒಳ್ಳೆಯವಳು ಎಂಬಂತೆ ತಲೆಯಾಡಿಸಿದ.

"ಕಾಣ್ಸುತ್ತೆ ಅಜ್ಜಿ. ಇನ್ನೂ ಚೆನ್ನಾಗಿ ಕಾಣ್ಸುತ್ತೆ."

"ಹಂಗಾದ್ರ ನಡೀರಿ."

ಎಲ್ಲರ ಮುಂದೆ ಆ ಸಾಲಿನಿಂದ ಈಚೆ ಬಂದೆವು. ಒಬ್ಬರು ಹುಯ್ ಎಂದರು. ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಅರವತ್ತು ದಾಟಿದ ಹೆಂಗಸು ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವಾಗ ಚಪ್ಪಾಳೆ ತಟ್ಟುವ ಜನ. ಅವರ ಮುಖಗಳೆಲ್ಲ ನನಗೆ ನೆನಪಿವೆ. ದಾರಿಯಲ್ಲಿ ಸಿಕ್ಕರೆ ಈಗಲೂ ಬಿಡುವುದಿಲ್ಲ.

ಮೂಲೆಯ ಆ ಜಾಗ ಹಸಿರು ಅಂಗಿಗಳಿಂದ ತುಂಬಿತ್ತು. ಪಕ್ಕದ ರಾಜ್ಯದವರು, ಬಹಳ ಜನ ಬೆಂಗಳೂರಿನಲ್ಲೇ ಕೆಲಸಕ್ಕಿರುವವರು. ಡೋಲು ತಂದಿದ್ದರು. ಹಸಿರು ಸೀರೆಯ ಅಜ್ಜಿ ಬಂದದ್ದು ಕಂಡು ಅವರಿಗೆ ಸಂಭ್ರಮವೋ ಸಂಭ್ರಮ. ಎದ್ದು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟರು. ಒಬ್ಬ ಹುಡುಗಿ ನೀರು ಕೊಟ್ಟಳು. ನಮ್ಮವರು ಎಬ್ಬಿಸಿದರು, ಪರರು ಕೂರಿಸಿದರು. ಇದಕ್ಕೆ ಅಳಬೇಕೋ ನಗಬೇಕೋ ನೀವೇ ಹೇಳಿ.

ಮೇಲ್ವಿಚಾರಕ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ಎರಡನೇ ಅರ್ಧ ಶುರುವಾದಾಗ ಮೂರನೇ ನಂಬರಿನವನು ಕಾಯಬೇಕಾದ ಮೂಲೆ ನಮ್ಮ ಕಾಲಡಿಗೇ ಬಂತು. ಅವನ ಉಸಿರು ಕೇಳುವಷ್ಟು ಹತ್ತಿರ. ಕೆನ್ನೆಯ ಮೇಲಿನ ಬೆವರು, ಮೊಣಕಾಲಿನ ಪಟ್ಟಿಯ ದಾರ ಬಿಟ್ಟ ಅಂಚು, ಎಲ್ಲ ಕಾಣುತ್ತಿತ್ತು. ಅವನು ಚೆಂಡು ಎಸೆಯಲು ಗೆರೆಗೆ ಬಂದು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದ. ಅತ್ತೆ ಕಂಬಿ ಹಿಡಿದು ನಿಂತಳು. ಅವಳ ಕಣ್ಣು ತುಂಬಿತ್ತು.

"ನಿನ ಹೆಣಾ ಎತ್ಲಿ ಯಪ್ಪಾ! ಯಾವ್ ತಾಯಿ ಹಡದಾಳೋ ನಿನ್ನ, ನಿನ ಹೆಣಾ ಎತ್ಲಿ!"

ಅವನಿಗೆ ಕೇಳಿಸಿತು. ಕತ್ತು ತುಸು ತಿರುಗಿತು. ನಾನು ಕಂಡೆ. ಅತ್ತೆ ಕುರ್ಚಿಗೆ ಕುಸಿದು, "ಬಿತ್ತು, ಅವನ ಕಿವಿಗೆ ಬಿತ್ತು" ಎಂದು ನನ್ನ ತೊಡೆ ತಟ್ಟಿದಳು. ಅಲ್ಲಿಗೆ ಎದ್ದು ಊರಿಗೆ ಹೋಗಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಡೋಲಿನವನು ಬಾಗಿ ಪಕ್ಕದವನನ್ನು ಕೇಳಿದ, ಅಜ್ಜಿ ಏನಂದಳು? ಪಕ್ಕದವನಿಗೆ ಅರೆಬರೆ ಕನ್ನಡ ಬರುತ್ತಿತ್ತು. ಅವನು ತಮ್ಮ ಭಾಷೆಗೆ ತಿರುಗಿಸಿ ಹೇಳಿದ. ಇಡೀ ಸಾಲು ಹೋ ಎಂದು ನಕ್ಕಿತು. ಡೋಲಿನವನಿಗೆ ಅದರ ಲಯ ಸಿಕ್ಕಿಬಿಟ್ಟಿತು. ಎರಡು ಏಟು, ಆಮೇಲೆ ಮಾತು. ಹೆಣಾ ಎತ್ಲಿ. ಎರಡು ಏಟು. ಹೆಣಾ ಎತ್ಲಿ. ಮೂಲೆಯ ಅಷ್ಟೂ ಜನ ಹಿಡಿದರು. ಮೂರನೇ ನಂಬರಿನವನ ಕಾಲಿಗೆ ಚೆಂಡು ಬಂದಾಗಲೆಲ್ಲ ಡೋಲು, ಚೆಂಡು ಬಂದಾಗಲೆಲ್ಲ ಆ ಮಾತು.

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ತನ್ನ ಮಾತನ್ನು ಅವರೂ ಮೆಚ್ಚಿ ಹೇಳುತ್ತಿದ್ದಾರೆ ಎಂದುಕೊಂಡು ತಿರುಗಿ ಒಮ್ಮೆ ನಕ್ಕಳು. ಆಮೇಲೆ ಅವರ ಮುಖ ನೋಡಿದಳು. ಅವಳ ನಗು ಹಾಗೇ ಇಂಗಿಹೋಯಿತು.

"ಏ, ನೀವ್ ಅನಬ್ಯಾಡ್ರಿ! ನಾ ಅಂದ್ರ ಬ್ಯಾರೆ, ನೀವ್ ಅಂದ್ರ ಬ್ಯಾರೆ!"

ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೇಳಿದವರಿಗೆ ತಿಳಿಯಬೇಕಲ್ಲ! ಅಷ್ಟರಲ್ಲಿ ಯಾರೋ ಒಬ್ಬ ಅವನ ಕಾಲಿಗೆ ಅಡ್ಡ ಹಾಯ್ದ. ಮೂರನೇ ನಂಬರಿನವನು ನಮ್ಮ ಎದುರಿಗೇ ಬಿದ್ದ. ಬಿದ್ದು ಈ ಸಲ ಏಳಲಿಲ್ಲ. ಅದೇ ಮೊಣಕಾಲು ಹಿಡಿದುಕೊಂಡು ಹುಲ್ಲಿಗೆ ಹಣೆ ಒತ್ತಿದ. ಬಿದ್ದವನ ಮೇಲೆ ಅಷ್ಟೂ ಜನ ಆ ಮಾತನ್ನು ಕೂಗಿದರು. ನಮ್ಮತ್ತೆ ಹರಕೆ ಹೊತ್ತ ಹಾಗೆ ಅಷ್ಟು ದೂರದಿಂದ ತಂದ ಮಾತು. ಅವನು ನೆಲದ ಮೇಲಿದ್ದಾನೆ, ಇವರು ಹೆಣ ಎತ್ತಲಿ ಅನ್ನುತ್ತಿದ್ದಾರೆ, ಈಗ ಆ ಮಾತಿಗೆ ಅದರ ಅರ್ಥವೊಂದೇ ಉಳಿದಿತ್ತು.

ಅತ್ತೆ ಮೈದಾನಕ್ಕೆ ಬೆನ್ನು ಹಾಕಿ, ಅವರ ಕಡೆ ತಿರುಗಿ ನಿಂತಳು. ಎರಡೂ ಕೈ ಜೋಡಿಸಿದಳು. "ಬಂದ್ ಮಾಡ್ರೀ, ಕೈ ಮುಗಿತೀನ್ರೀ, ಬಂದ್ ಮಾಡ್ರೀ" ಎಂದಳು. ಅಜ್ಜಿ ಮುಂದೆ ನಿಂತು ಹುರುಪು ತುಂಬುತ್ತಿದ್ದಾಳೆ ಎಂದುಕೊಂಡರು ಆ ಮೂರ್ಖರು. ಡೋಲು ಇನ್ನೂ ಜೋರಾಯಿತು. ನಾನು ಹೋಗಿ ಡೋಲಿನ ಮೇಲೆ ಕೈ ಇಟ್ಟು ಒತ್ತಿ ಹಿಡಿದೆ. ಬಾಯಿಗೆ ಬಂದ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಏನು ಬೈದೆನೋ ನನಗೇ ಗೊತ್ತಿಲ್ಲ. ಮುದ್ದಿನ ಬೈಗುಳವಂತೂ ಅಲ್ಲ. ಡೋಲು ನಿಂತಿತು. ಡೋಲಿನ ಹುಡುಗ ತಬ್ಬಿಬ್ಬಾಗಿ, ಸಾರಿ ಆಂಟಿ, ಅಜ್ಜಿಯೇ ಅಲ್ಲವೇ ಶುರು ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಅಂದ.

ಅದು ನಿಜವಲ್ಲವೇ? ಅವನ ಮೇಲೆ ಏನು ಸಿಟ್ಟು ಮಾಡಲಿ. ನಮ್ಮನ್ನು ಅಲ್ಲಿಗೆ ತಂದು ಕೂರಿಸಿದವರು ಆ ಕಡೆಯ ಸ್ಟ್ಯಾಂಡಿನಲ್ಲಿ ಮಗಳಿಗೆ ಐಸ್‌ಕ್ರೀಮು ತಿನ್ನಿಸುತ್ತ ಕೂತಿದ್ದರು.

ಕೆಳಗೆ ಅವನು ಎದ್ದ. ಯಾರ ಹೆಗಲನ್ನೂ ಹಿಡಿಯದೆ ಎದ್ದ. ಎದ್ದು ನಮ್ಮ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಹಸಿರು ಸೀರೆ ಉಟ್ಟು ನಿಂತವಳು ಅತ್ತೆ ಒಬ್ಬಳೇ. ಅವನ ನೋಟ ಅವಳ ಮೇಲೆ ನಿಂತಿತು. ಸಿಟ್ಟೇನೂ ಇರಲಿಲ್ಲ ಅದರಲ್ಲಿ. ನಿಮ್ಮ ವಯಸ್ಸಿನವರು ಹೀಗನ್ನಬಹುದೇ ಎಂಬಂಥ ನೋಟ. ಆಮೇಲೆ ಅವನು ಕುಂಟುತ್ತ ಜಾಗಕ್ಕೆ ಹೋದ.

ಉಳಿದ ಆಟವನ್ನು ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು. ನಮ್ಮ ತಂಡ ಗೋಲು ಹೊಡೆಯಿತು. ಹೊಡೆದದ್ದು ಅವನು ಕಳಿಸಿದ ಚೆಂಡಿನಿಂದಲೇ. ಸುತ್ತ ಎಲ್ಲರೂ ತಲೆ ತಗ್ಗಿಸಿ ಕೂತಾಗ ನಾನೊಬ್ಬಳೇ ಎದ್ದೆ. ಅತ್ತೆ ಏಳಲಿಲ್ಲ.

ಆಟ ಮುಗಿದು ಕೈ ಕುಲುಕುವ ಹೊತ್ತು. ಗೆದ್ದವರು ತಮ್ಮ ಜನ ಕೂತ ಕಡೆಗೆಲ್ಲ ಹೋಗಿ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೂಲೆಗೆ ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮೂರನೇ ನಂಬರಿನವನು, ತನ್ನ ಜನಕ್ಕೆ ಕೈ ಬೀಸಲು ನಮ್ಮ ಮೂಲೆಗೆ ಬಂದಿದ್ದ ಎದುರಾಳಿಯ ಗೋಲಿಯ ಜೊತೆ ಅಂಗಿ ಬದಲಿಸಿಕೊಳ್ಳಲು ಈ ಕಡೆಗೇ ನಡೆದು ಬಂದ. ಅತ್ತೆ ಎದ್ದು ಕಂಬಿಗೆ ಹೋದಳು.

ಬೈಯುತ್ತಾಳೆ ಎಂದುಕೊಂಡೆ. ಬಾಯಿ ತೆರೆದಳು, ಮುಚ್ಚಿದಳು. ಹಿಂದೆ ತಿರುಗಿ ಡೋಲಿನವರನ್ನು ನೋಡಿದಳು. ಆಮೇಲೆ, ಬ್ಯಾಂಕಿನ ಸಾಹೇಬರ ಮುಂದೆ ಆಡುವಂಥ, ಟಿವಿಯ ಸುದ್ದಿಯವರು ಆಡುವಂಥ ಕನ್ನಡದಲ್ಲಿ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಕೂಗಿದಳು:

"ನೀವು... ತುಂಬಾ ಚೆನ್ನಾಗಿ ಆಡುತ್ತೀರಿ! ತುಂಬಾ ಚೆನ್ನಾಗಿ!"

ಹೆಬ್ಬೆರಳನ್ನೂ ಎತ್ತಿ ತೋರಿಸಿದಳು. ಹಡೆದ ಮಕ್ಕಳಿಗೆ, ನನಗೆ, ಬಯಲಿನ ಯಾವ ಆಟಗಾರನಿಗೂ ಅವಳು ಈ ಮಾತು ಅಂದದ್ದಿಲ್ಲ. ಅವನು ತಲೆಯೆತ್ತಿದ. ಮುಖ ಸಡಿಲವಾಯಿತು. ಎದೆಯ ಮೇಲೆ ಕೈಯಿಟ್ಟು ಬಾಗಿ, ನಕ್ಕು, ಕೈ ಬೀಸಿ ಹೋದ.

ನನಗೆ ಅಳು ಬಂತು. ಸದ್ಯ, ಒಳ್ಳೆಯದಾಗಿಯೇ ಮುಗಿಯಿತು ಎಂದುಕೊಂಡೆ. "ನೋಡಿದ್ರಾ ಅತ್ತಿ, ನಿಮ್ಮನ್ನ ನೋಡಿ ನಕ್ಕ! ಕೇಳಿಸ್ತು ಅವಗ!" ಎಂದು ಅವಳ ಹೆಗಲು ಹಿಡಿದು ಅಲುಗಾಡಿಸಿದೆ.

ಅತ್ತೆ ಎತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಅವನು ಹೋದ ಬಾಗಿಲನ್ನೇ ನೋಡುತ್ತಿದ್ದಳು.

"ಕೇಳಿಸ್ತು" ಎಂದಳು. "ಆದ್ರ ಅದು ನನ್ನ ಮಾತಲ್ಲ."